ಲ್ಯಾಂಪಾರ್ಡ್‌ನನ್ನು ಮತ್ತೆ ಕರೆಯುವ ಮುನ್ನ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ‘ಲ್ಯಾಂಪಾರ್ಡ್ ತರಬೇತುದಾರನಾಗಿ ನಮ್ಮ ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿಗೆ ಮರಳಬೇಕು, ಈ ಸಲ ಅವನು ಸಿದ್ಧನಾಗಿದ್ದಾನೆ’ ಎಂದು ಬರೆದಿದ್ದೀಯ. ಎರಡು ದಿನ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವನ ಮೇಲೆ ನನಗೂ ನಿನ್ನಷ್ಟೇ ಪ್ರೀತಿ. ಆದರೂ ಹೂಂ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

2019ರ ಜುಲೈ ನೆನಪಿದೆಯಲ್ಲ? ಹೊಸ ಆಟಗಾರರನ್ನು ಕೊಳ್ಳುವಂತಿರಲಿಲ್ಲ. ನಮ್ಮ ತಾರೆ ಅಜಾರ್ ರಿಯಲ್ ಮ್ಯಾಡ್ರಿಡ್‌ಗೆ ಹೊರಟುಹೋಗಿದ್ದ. ಅಂಥ ಹೊತ್ತಿನಲ್ಲಿ ತರಬೇತುದಾರನಾಗಿ ಬಂದವನು ನಮಗಾಗಿ 648 ಪಂದ್ಯ ಆಡಿ 211 ಗೋಲು ಹೊಡೆದವನು. ಡರ್ಬಿ ಕೌಂಟಿಯಲ್ಲಿ ಒಂದೇ ಒಂದು ಋತು ತಂಡ ನಡೆಸಿದ್ದಾನೆ ಎಂಬುದು ನಮ್ಮಿಬ್ಬರಿಗೂ ಲೆಕ್ಕಕ್ಕೇ ಬರಲಿಲ್ಲ. ಮನೆಮಗ ಮನೆಗೆ ಬಂದ, ಅಷ್ಟೇ ಸಾಕಿತ್ತು.

ಮೌಂಟ್, ರೀಸ್ ಜೇಮ್ಸ್‌ರಂಥ ಹುಡುಗರನ್ನು ನೆಚ್ಚಿ ಆಡಿಸಿ, ತಂಡವನ್ನು ಪ್ರೀಮಿಯರ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದ. ಆ ಶ್ರೇಯಸ್ಸು ಅವನದೇ. ಆದರೆ ಆ ಲೀಗ್‌ನಲ್ಲಿ ನಾವು 54 ಗೋಲು ಬಿಟ್ಟುಕೊಟ್ಟೆವು. ಅವನು ಆಡುತ್ತಿದ್ದ ರೀತಿಯನ್ನು ನೆನಪಿಸಿಕೋ. ಎಲ್ಲರೂ ಗೋಲಿನ ಕಡೆ ನುಗ್ಗಿದ ಮೇಲೆ ಒಂದು ಕ್ಷಣ ತಡೆದು, ಚೆಂಡು ಬಂದು ಬೀಳುವ ಜಾಗಕ್ಕೆ ಸರಿಯಾಗಿ ಹಿಂದಿನಿಂದ ಓಡಿ ಬರುತ್ತಿದ್ದ. ಹಾಗೆ ಓಡಿದಾಗ ಬೆನ್ನ ಹಿಂದೆ ಜೊತೆ ಆಟಗಾರ ಮಕೆಲೆಲೆ ಕಾವಲು ನಿಂತಿರುತ್ತಿದ್ದ. ತರಬೇತುದಾರನಾದವನು ಕಟ್ಟಬೇಕಾದದ್ದು ಆ ಕಾವಲನ್ನು. ಅವನ ತಂಡದಲ್ಲಿ ಚೆಂಡು ಕೈತಪ್ಪಿದ ಮರುಗಳಿಗೆಯೇ ನಡುಮೈದಾನ ಬಟಾಬಯಲು.

ಹೆಸರಾಂತ ತರಬೇತುದಾರ ಗಾರ್ಡಿಯೋಲಾ ಕೂಡ ಮೊದಲು ಬಾರ್ಸಿಲೋನಾದ ಬಿ ತಂಡವನ್ನು ಒಂದೇ ವರ್ಷ ನಡೆಸಿದ್ದು ಎನ್ನುತ್ತೀಯ. ನಿಜ. ಆದರೆ ಆಟಗಾರನಾಗಿದ್ದ ಕೊನೆಯ ದಿನಗಳಲ್ಲಿ ಅವನು ಮೆಕ್ಸಿಕೊದ ಡೊರಾಡೋಸ್‌ಗೆ ಹೋದದ್ದೇ ತರಬೇತುದಾರ ಹುವಾನ್ಮಾ ಲಿಲ್ಲೊನ ಕೈಕೆಳಗೆ ಕಲಿಯಲು. ಬೂಟು ಬಿಚ್ಚುವ ಮೊದಲೇ ಶಿಷ್ಯನಾಗಿದ್ದ.

2021ರ ಜನವರಿ 25ರಂದು ನಮ್ಮವನನ್ನು ತೆಗೆದರು. ನಾನು ಅಂದು ಊಟ ಮಾಡಲಿಲ್ಲ. ಮೇ 29ರಂದು ಪೋರ್ಟೊದಲ್ಲಿ, ಅವನ ಜಾಗಕ್ಕೆ ಬಂದ ಟುಖೆಲ್‌ನ ಕೈಯಲ್ಲಿ, ಹೆಚ್ಚುಕಡಿಮೆ ಅದೇ ಆಟಗಾರರು ಯುರೋಪಿನ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಫೈನಲ್‌ನಲ್ಲಿ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ರಕ್ಷಣೆಯನ್ನು ಸೀಳಿ ಚೆಂಡು ಕೊಟ್ಟವನು ಲ್ಯಾಂಪಾರ್ಡ್ ಬೆಳೆಸಿದ ಮೌಂಟ್, ಗೋಲು ಹೊಡೆದವನು ಅವನ ಕಾಲದಲ್ಲೇ ಕೊಂಡ ಹಾವರ್ಟ್ಜ್. ಲ್ಯಾಂಪಾರ್ಡ್ ಮೂಲೆಗೆ ಸರಿಸಿದ್ದ ರಕ್ಷಣಾ ಆಟಗಾರ ರೂಡಿಗರ್ ಆ ರಾತ್ರಿ ಬಂಡೆಯಂತೆ ನಿಂತಿದ್ದ. ಗೆದ್ದ ಸಂತೋಷದಲ್ಲೂ ನನ್ನ ಹೊಟ್ಟೆಯಲ್ಲಿ ಸಂಕಟವಾಗಿತ್ತು.

ಇಷ್ಟಾದ ಮೇಲೂ 2023ರ ಏಪ್ರಿಲ್‌ನಲ್ಲಿ ಮತ್ತೆ ಕರೆದರು, ತಾತ್ಕಾಲಿಕವಾಗಿ. 11 ಪಂದ್ಯ, ಒಂದೇ ಗೆಲುವು. ಸಿಟ್ಟಾಗಿದ್ದ ನಮ್ಮಂಥ ಅಭಿಮಾನಿಗಳನ್ನು ಸಮಾಧಾನಪಡಿಸಲು ಅವನ ಹೆಸರನ್ನು ಬಳಸಿಕೊಂಡರು ಎಂದೇ ನನಗೆ ಈಗಲೂ ಅನಿಸುತ್ತದೆ. ಬೇಕು ಬೇಕು ಎಂದು ಕೂಗಿದ ನಮ್ಮ ಪಾಲೂ ಅದರಲ್ಲಿದೆ.

2024ರ ನವೆಂಬರ್‌ನಲ್ಲಿ ಆಗ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ಕೊವೆಂಟ್ರಿಗೆ ತರಬೇತುದಾರನಾಗಿ ಹೋದಾಗ ಆ ತಂಡ 17ನೆಯದಾಗಿತ್ತು. ಋತು ಮುಗಿಯುವಾಗ ಐದನೆಯದು. ಮೇಲಿನ ಲೀಗ್‌ಗೆ ಏರಲು ಆಡುವ ಪ್ಲೇಆಫ್‌ನಲ್ಲಿ ಸಂಡರ್ಲೆಂಡ್ ಕೊನೆಯ ಗಳಿಗೆಯಲ್ಲಿ ಕಣ್ಣೀರು ಹಾಕಿಸಿತು, ಇರಲಿ. ಅಲ್ಲಿ ಅವನ ಹಳೆಯ ಗೋಲುಗಳಿಗಾಗಿ ಯಾರೂ ಅವನನ್ನು ಮನ್ನಿಸಬೇಕಿರಲಿಲ್ಲ. ಅವನು ನಿಜವಾಗಿ ಈ ಕೆಲಸ ಕಲಿತದ್ದು ಅಲ್ಲಿಯೇ ಎಂದು ನನ್ನ ನಂಬಿಕೆ. ಚೆಲ್ಸಿಗೆ ಮೂರನೆಯ ಸಲ ಬರುವುದಾದರೆ, ಅವನು ಯಾರೆಂದೇ ಗೊತ್ತಿಲ್ಲದ ಕ್ಲಬ್ಬೂ ಕರೆಯುವಂಥ ತರಬೇತುದಾರನಾಗಿ ಬರಲಿ. ಅಲ್ಲಿಯವರೆಗೆ ನಾವು ಅವನ ಹೆಸರು ಕೂಗುವುದು ಬೇಡ.

ದಸರಾ ರಜೆಗೆ ಬರುತ್ತೀಯಲ್ಲ, ಪೋರ್ಟೊ ಪಂದ್ಯವನ್ನು ಮತ್ತೆ ನೋಡೋಣ. ಮೌಂಟ್ ಚೆಂಡು ಕೊಡುವ 42ನೇ ನಿಮಿಷದಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ.

ನಿನ್ನ
ಗೆಳೆಯ