ನೇಪಾಳಕ್ಕೆ ಪಾಠ ಹೇಳಲು ಬರುವವರ ಗಮನಕ್ಕೆ

ರಜೆಯಲ್ಲಿ ನೇಪಾಳದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಬರ್ತೀವಿ ಎಂದವರೆಲ್ಲ ಭಾನುವಾರ 10 ಗಂಟೆಗೆ ಕೊಪ್ಪಳದ ನಮ್ಮ ಮನೆಗೆ ಬನ್ನಿ, ಒಗ್ಗರಣೆ ಮಿರ್ಚಿ ನನ್ನ ಕಡೆಯಿಂದ. ನಮಗೆ ವೀಸಾ ಬೇಡ. ಆದರೆ ವಿಮಾನಕ್ಕೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕೇ ಬೇಕು, ಸುಮ್ನೆ ಆಧಾರ್ ಹಿಡ್ಕೊಂಡು ಬರಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಹೋದ ವರ್ಷ ಒಬ್ಬ ಏಜೆಂಟ್ ನೋಂದಣಿ ಅಂತ ನನ್ನ ಹತ್ತಿರ ದುಡ್ಡು ಕಿತ್ತು ಆಮೇಲೆ ಫೋನೇ ಎತ್ತಲಿಲ್ಲ, ಹಾಗಾಗಿ ಶಾಲೆಯ ಹೆಡ್‌ಮಾಸ್ಟರ್ ಜೊತೆ ನೇರವಾಗಿ ಮಾತಾಡದೆ ಯಾರೂ ಪೈಸೆ ಕಟ್ಟಬೇಡಿ. ಎರಡು ವಾರದಲ್ಲಿ ಗ್ರಾಮರ್ ಆಗಲ್ಲ, ಮಕ್ಕಳು ಬಾಯಿ ಬಿಟ್ಟು ಮಾತಾಡಿದರೆ ಸಾಕು. ಒಂದೆರಡು ಕಿನ್ನಾಳ ಗೊಂಬೆ ತನ್ನಿ, ಕಣ್ಣು, ಮೂಗು, ಬಣ್ಣ ತೋರಿಸಿ ಪದ ಹೇಳಿಸಬಹುದು. ಅಲ್ಲಿನ ಚಿವುರಾ ನಮ್ಮ ಅವಲಕ್ಕಿನೇ, ಊಟಕ್ಕೆ ಹೆದರಬೇಡಿ.