ಒಂದು ಸಾಲಿಗಾಗಿ ಇಡೀ ಕಡತ ಮುಚ್ಚಬೇಕೇ?

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಚರಂಡಿ ಕಾಮಗಾರಿಯ ಅಳತೆ ಪುಸ್ತಕದ ನಕಲು ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೆ. 29ನೇ ದಿನ ಉತ್ತರ ಬಂತು: ಕಡತದಲ್ಲಿ ಗುತ್ತಿಗೆದಾರರ ಬ್ಯಾಂಕ್ ಖಾತೆ ವಿವರ ಇದೆ, ಕೊಡಲಾಗದು.

ಖಾತೆ ನಂಬರ್ ನನಗೆ ಯಾಕೆ? ಅದು ಗುಟ್ಟಾಗಿಯೇ ಇರಲಿ. ದೇಶದ ಭದ್ರತೆ, ತನಿಖೆಗೆ ಅಡ್ಡಿಯಾಗುವಂಥ ವಿಷಯಗಳಿಗೂ ಸೆಕ್ಷನ್ 8 ವಿನಾಯಿತಿ ಕೊಟ್ಟಿದೆ, ಅದು ಸರಿಯೇ. ಆದರೆ ಅದೇ 2005ರ ಕಾಯ್ದೆಯ ಸೆಕ್ಷನ್ 10ರ ಪ್ರಕಾರ, ಕೊಡಬಾರದ ಭಾಗ ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು. ಆ ಒಂದು ಸಾಲಿನ ಮೇಲೆ ಕಾಗದದ ಚೂರು ಇಟ್ಟು ಜೆರಾಕ್ಸ್ ಮಾಡಿದರೆ ಆಯ್ತು, ಅಲ್ವಾ?

ನನಗೆ ಬೇಕಿರುವುದು ಚರಂಡಿಯ ಆಳ, ಅಗಲ ಮಾತ್ರ. ಮೊದಲ ಮಳೆಗೇ ಅದು ಉಕ್ಕಿ ಕೊಳಚೆ ನೀರು ನಮ್ಮ ಹೊಸ್ತಿಲು ದಾಟಿತ್ತು. ಮೊದಲ ಮೇಲ್ಮನವಿ ಸಲ್ಲಿಸಿದ್ದೇನೆ.

– ನಿವೃತ್ತ ಶಿಕ್ಷಕಿ