ದಿನಕ್ಕೆ 300 ಪದದ ಲೆಕ್ಕ

ಪ್ರೀತಿಯ ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಏಳು ತಿಂಗಳಾದರೂ ಕಾದಂಬರಿ ಮೂರನೇ ಅಧ್ಯಾಯ ದಾಟಿಲ್ಲ, ನನಗೆ ಶಿಸ್ತೇ ಇಲ್ಲ ಅಂತ ಬರೆದಿದ್ದೀಯ. ಶಿಸ್ತಿನ ಮಾತು ಇರಲಿ. ನೀನು ಮೇಜಿನ ಎದುರು ಅಂಟಿಸಿಕೊಂಡಿರುವ ಚೀಟಿಯ ಬಗ್ಗೆ ಮೊದಲು ಹೇಳುತ್ತೇನೆ. 'ಈ ವರ್ಷ ಕಾದಂಬರಿ ಮುಗಿಸಬೇಕು' ಅಂತ ಇದೆಯಲ್ಲ, ಅದನ್ನು ಓದಿದರೆ ಇವತ್ತು ಕೂತು ಏನು ಬರೆಯಬೇಕು ಅಂತ ಗೊತ್ತಾಗುತ್ತದಾ? ಇಲ್ಲ. ಹೆದರಿಕೆ ಮಾತ್ರ ಆಗುತ್ತದೆ, ಅಲ್ವಾ?

1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಎಂಬ ಮನಶ್ಶಾಸ್ತ್ರಜ್ಞರು, ಕಳೆಯುವ ಲೆಕ್ಕ ಕಷ್ಟವಾಗುತ್ತಿದ್ದ ಮಕ್ಕಳಿಗೆ 42 ಪುಟಗಳ ಅಭ್ಯಾಸ ಕೊಟ್ಟರು. ಕೆಲವರಿಗೆ 'ಒಂದು ಸಲಕ್ಕೆ ಆರು ಪುಟ ಮಾಡಿ' ಅಂದರು. ಇನ್ನು ಕೆಲವರಿಗೆ 'ಏಳು ಸಲ ಕೂರುವುದರೊಳಗೆ 42 ಪುಟ ಮುಗಿಸಿ' ಅಂದರು. ಕೆಲಸ ಒಂದೇ. ಆದರೆ ಆರು ಪುಟದ ಮಕ್ಕಳು ಎಷ್ಟೋ ಚೆನ್ನಾಗಿ ಕಲಿತರು, ಲೆಕ್ಕದ ಮೇಲೆ ಅವರಿಗೆ ಆಸಕ್ತಿಯೂ ಹುಟ್ಟಿತು. ದೂರದ ಗುರಿ ಸಿಕ್ಕ ಮಕ್ಕಳು, ಯಾವ ಗುರಿಯೂ ಇಲ್ಲದವರಿಗಿಂತ ಮುಂದೆ ಹೋಗಲಿಲ್ಲ. ನಿನ್ನ ಚೀಟಿ ಆ 42 ಪುಟದ ಹಾಗಿದೆ.

ಹಾಗಾದರೆ ಅಧ್ಯಾಯ ಅಧ್ಯಾಯವಾಗಿ ಒಡೆಯಲಾ ಅಂತ ಕೇಳುತ್ತೀಯ. ಅಧ್ಯಾಯವೂ ದೊಡ್ಡದೇ. ದೃಶ್ಯಕ್ಕೆ ಇಳಿ. 'ನಾಲ್ಕನೇ ಅಧ್ಯಾಯ ಬರೆಯಬೇಕು' ಅಂತ ಬರೆದಿಟ್ಟರೆ ಕೈ ಓಡುವುದಿಲ್ಲ. 'ಬಚ್ಚಿಟ್ಟ ಪತ್ರ ಮಗನ ಕೈಗೆ ಸಿಗುತ್ತದೆ, ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ' ಅಂತ ಬರೆದಿಟ್ಟುಕೋ. ಆಗ ಕೂತ ಕೂಡಲೇ ಬಾಗಿಲು ಕಾಣುತ್ತದೆ, ಅಮ್ಮನ ಮುಖ ಕಾಣುತ್ತದೆ. ಮುಂದಿನ ಐದಾರು ದೃಶ್ಯಗಳಿಗೆ ಇಷ್ಟು ಮಾಡಿದರೆ ಸಾಕು. ಇಡೀ ಕಾದಂಬರಿಗೆ ಈಗಲೇ ಮಾಡಲು ಹೋಗಬೇಡ, ಬರೆಯುತ್ತಾ ಹೋದಂತೆ ಕತೆ ದಾರಿ ಬದಲಿಸುತ್ತದೆ.

ದಿನದ ಪಾಲು ಎಷ್ಟು ಅಂದರೆ, ಮೈ ಸರಿಯಿಲ್ಲದ ದಿನವೂ ಆಗುವಷ್ಟು. ನನಗೆ ಅದು 300 ಪದ. ವಾರಕ್ಕೆ ಐದು ದಿನ ಬರೆದರೆ 40 ವಾರಕ್ಕೆ 60,000 ಪದ. ಅಷ್ಟಕ್ಕೆ ಒಂದು ಕಾದಂಬರಿಯ ಕರಡು ಆಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದ್ದು. ಒಂದು ನೋಟ್‌ಬುಕ್ ಇಟ್ಟುಕೋ. ತಾರೀಕು, ಕೂತ ಹೊತ್ತು, ಎಷ್ಟು ಪದ, ನಾಳೆ ಎಲ್ಲಿಂದ ಶುರು. ಇಷ್ಟೇ. ಚೆನ್ನಾಗಿ ಬಂತು, ಕೆಟ್ಟದಾಗಿ ಬಂತು ಅಂತ ಅದರಲ್ಲಿ ಬರೆಯಬೇಡ. ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ಕೆಲಸದಲ್ಲಿದ್ದುಕೊಂಡೇ ಕಾದಂಬರಿ ಬರೆದವರು. ಪುಟಕ್ಕೆ 250 ಪದದಂತೆ ಲೆಕ್ಕ ಹಿಡಿದು, ದಿನ ದಿನ ಎಷ್ಟು ಪುಟ ಆಯಿತು ಅಂತ ಡೈರಿಯಲ್ಲಿ ಬರೆದಿಡುತ್ತಿದ್ದರು. ಬರೆಯದ ದಿನವೂ ಆ ಡೈರಿಯಲ್ಲಿ ಎದ್ದು ಕಾಣುತ್ತಿತ್ತು.

ಆದರೆ ಈ ಲೆಕ್ಕ ನಿನ್ನನ್ನು ಗದರಿಸುವುದಕ್ಕೆ ಅಲ್ಲ. ನಿನ್ನ ನಿಜವಾದ ವೇಗ ಎಷ್ಟು ಅಂತ ತಿಳಿಯುವುದಕ್ಕೆ. ನಮಗೆ ನಮ್ಮ ವೇಗ ಗೊತ್ತಿರುವುದಿಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಗಾಗಿ ಸಂಶೋಧನಾ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆ ಅಂದಿದ್ದರು. ಹಿಡಿದದ್ದು ಸುಮಾರು 55 ದಿನ. ನನ್ನ ಮೊದಲ ಕಾದಂಬರಿಗೆ ನಾನು ಆರು ತಿಂಗಳು ಅಂದುಕೊಂಡಿದ್ದೆ. ಆಗಿದ್ದು ಎರಡೂವರೆ ವರ್ಷ. ಹೆಚ್ಚಾದ ಆ ಎರಡು ವರ್ಷವೂ ನಾನು ಸೋಮಾರಿ ಅಂತಲೇ ನಂಬಿಕೊಂಡು ಎಷ್ಟು ಕೊರಗಿದೆ!

ಎರಡನೇ ಕಾದಂಬರಿಗೆ ನೋಟ್‌ಬುಕ್ ಇಟ್ಟೆ. ಎರಡು ತಿಂಗಳ ಮೇಲೆ ತಿರುವಿ ನೋಡಿದರೆ, ಬೆಳಿಗ್ಗೆ ಕೂತ ದಿನ 350 ಪದ, ರಾತ್ರಿ ಕೂತ ದಿನ 90. ನಾನು ರಾತ್ರಿ ಬರೆಯುವವಳು ಅಂತಲೇ ತಿಳಿದಿದ್ದೆ! ಇನ್ನೊಂದೂ ಕಂಡಿತು. ಮೂರು ದಿನ ಬಿಟ್ಟು ಕೂತರೆ ಮೊದಲ ದಿನ ಏನೂ ಹೊರಡುವುದಿಲ್ಲ. ಅವತ್ತು ಹಳೆಯದನ್ನು ಓದಿ ಒಂದು ಪ್ಯಾರಾ ಬರೆದು ಏಳುವುದು ಅಂತ ಮಾಡಿಕೊಂಡೆ. ಈ ಎರಡನ್ನೂ ಬೇರೆ ಯಾರೂ ನನಗೆ ಹೇಳಿಕೊಡಲು ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ನಿನ್ನೆ ಸೊನ್ನೆ ಆಯಿತು ಅಂತ ಇವತ್ತು 600 ಬರೆಯಲು ಹೋಗಬೇಡ. ಸಾಲ ತೀರಿಸುವ ಹಾಗೆ ಬರೆಯಲು ಶುರು ಮಾಡಿದರೆ ವಾರದಲ್ಲಿ ಸುಸ್ತಾಗಿ ನೋಟ್‌ಬುಕ್ಕನ್ನೇ ಮುಚ್ಚಿಡುತ್ತೀಯ. ಸೊನ್ನೆಯನ್ನು ಸೊನ್ನೆ ಅಂತ ಬರೆದು, ಇವತ್ತು ಸುಮ್ನೆ 300ಕ್ಕೆ ಕೂರು. ತಿದ್ದುವ ಹಂತಕ್ಕೆ ಬಂದಾಗ ಪದ ಎಣಿಸುವುದು ಬಿಡು. ಆಗ 800 ಪದ ಹೊಡೆದು ಹಾಕಿದ ದಿನವೂ ಒಳ್ಳೆಯ ದಿನವೇ. ದೃಶ್ಯ ಎಣಿಸು.

ಆ ಚೀಟಿ ಕಿತ್ತು, ಅಲ್ಲಿ ನಾಳೆ ಬರೆಯುವ ದೃಶ್ಯವನ್ನು ಒಂದು ಸಾಲಲ್ಲಿ ಬರೆದು ಅಂಟಿಸು. ತಿಂಗಳಾದ ಮೇಲೆ ನೋಟ್‌ಬುಕ್ಕಿನ ಪುಟಗಳನ್ನು ನನಗೆ ಕಳಿಸು. ಸೊನ್ನೆಗಳು ಜಾಸ್ತಿ ಇದ್ದರೂ ಕಳಿಸು. ಯಾವ ದಿನ ಯಾಕೆ ನಿಂತಿತು ಅಂತ ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ